ಬಸ್‌ಸ್ಟ್ಯಾಂಡಿನ ಹಾವುಗಳು

ಮೊದಲ ಸಲ ಬಣ್ಣ ತುಂಬಿದಾಗ
ಪರದೆಯ ಮೇಲೆ ಹಾಸನದ ಬಸ್‌ಸ್ಟ್ಯಾಂಡು ಉರಿಯುತ್ತಿತ್ತು.
ಮೂರು ವರ್ಷದಲ್ಲಿ ನೂರಾ ಹನ್ನೆರಡು ಜನಕ್ಕೆ ಹಾವು ಕಡಿದದ್ದು
ಅಲ್ಲೇ, ಅರಸೀಕೆರೆ ಬಸ್ಸು ನಿಲ್ಲುವ ಕಡೆ,
ಸೌತೆಕಾಯಿ ಬುಟ್ಟಿಯ ಪಕ್ಕ.
ತಂತ್ರಾಂಶಕ್ಕೆ ಸಂಶಯವಿಲ್ಲ.
ಆಕಸ್ಮಿಕವಲ್ಲ, ನೂರಕ್ಕೆ ತೊಂಬತ್ತೊಂಬತ್ತು, ಎಂದು ಬರೆದು
ಕೆಂಪು ಸುರಿದು ಸುಮ್ಮನಾಯಿತು.

ಕೇಸ್‌ಶೀಟು ಬರೆಯುವ ಚನ್ನಿಗಪ್ಪನವರು ನಕ್ಕರು:
"ರಾತ್ರಿ ಎರಡು ಗಂಟೆ. ರೆಪ್ಪೆ ಎತ್ತಕ್ಕಾಗ್ತಿಲ್ಲ ಅವನಿಗೆ.
ಊರು ಯಾವ್ದಪ್ಪ, ಸರ್ವೆ ನಂಬರ್ ಎಷ್ಟು ಅಂತ ಕೇಳ್ಲಾ?
ಹಾಸನ ಅಂತ ಬರೀತೀನಿ. ಸೂಜಿ ಮುಖ್ಯ ಕಣಮ್ಮ."

ಹೆಸರಷ್ಟೇ ಸಿಕ್ಕರೆ
ಊರಿನ ನಡುವಿಗೆ ಚುಕ್ಕಿ ಇಡುತ್ತದೆ ಯಂತ್ರ.
ಹಾಸನದ ನಡು ಅದರ ಪಾಲಿಗೆ ಬಸ್‌ಸ್ಟ್ಯಾಂಡು.
ಇನ್ನೊಂದೂರಿನ ನಡು, ಕೆರೆ.
ಅಲ್ಲಿ ಏಳು ಜನ ನೀರಿನ ಮೇಲೆ ನಿಂತು ಕಚ್ಚಿಸಿಕೊಂಡಿದ್ದರು.

ಎರಡು ತಿಂಗಳು ಫೋನು ಹಿಡಿದು ಕೂತೆ.
ರಿಜಿಸ್ಟರಿನ ಅಂಚಿನ ಪೆನ್ಸಿಲ್ ನಂಬರುಗಳು,
ಅರ್ಧ ಚಾಲ್ತಿಯಲ್ಲಿಲ್ಲ, ಒಂದು ಆಟೋದವನದು.
ಒಂದನ್ನು ಎತ್ತಿದ ಹುಡುಗ "ಅಮ್ಮ ಇಲ್ಲ" ಅಂದ.
ಹೊರಗೆ ಹೋಗಿರಬೇಕೆಂದು
ಸಂಜೆ ಮತ್ತೆ ಮಾಡಿದೆ.

ಚುಕ್ಕಿಗಳನ್ನು ಒಂದೊಂದಾಗಿ ಎಬ್ಬಿಸಿ
ಕೊನೇ ಬಸ್ಸು ತಪ್ಪಿದವರನ್ನು ಕಳಿಸುವ ಹಾಗೆ ಕಳಿಸಿದೆ:
ಒಬ್ಬ ಮಗ್ಗೆಗೆ, ಇಬ್ಬರು ಪಾಳ್ಯಕ್ಕೆ, ಕೊಣನೂರು ದಾರಿಗೆ ಮೂವರು.
ಬಸ್‌ಸ್ಟ್ಯಾಂಡಿನ ಕೆಂಪು ಕರಗಿತು,
ಆಮೇಲೆ ಬೇರೆ ಕಡೆ ಹೆಪ್ಪುಗಟ್ಟಿತು.

ವರ್ಷಕ್ಕೊಂದು ಕಡೆ, ಅದೇ ತೊಡಕು.
ಮೊದಲ ಗೊಂಚಲು ಆಲೂರಿನ ಪಡುವಣಕ್ಕೆ,
ಮರುವರ್ಷ ಅಲ್ಲಿ ಖಾಲಿ, ಆರು ಮೈಲಿ ಈಚೆ ಹೊಸತು,
ಮೂರನೆಯದು ಅರಕಲಗೂಡಿನ ಅಂಚಿಗೆ.
ಮಣ್ಣಿನ ಪದರ ಹಾಸಿ ನೋಡಿದೆ, ಕಾಡಿನ ಪದರ, ನಾಲೆಯ ಪದರ.
ಯಾವುದಕ್ಕೂ ಕಾಲಿಲ್ಲ.
ಹಾವುಗಳೂ ಗುಳೆ ಹೋಗುತ್ತವೆಯೇ?

ಆಶಾ ಪುಟ್ಟಲಿಂಗಮ್ಮ ನಕ್ಷೆಯನ್ನು ತಲೆಕೆಳಗಾಗಿ ಹಿಡಿದು
ಟೀ ಲೋಟ ಇಡುವಷ್ಟರಲ್ಲಿ ಹೇಳಿದರು:
"ಇದು ಶುಂಠಿ ಕಣಮ್ಮ.
ಒಂದ್ಸಲ ಹಾಕಿದ ನೆಲಕ್ಕೆ ಮತ್ತೆ ಹಾಕಲ್ಲ,
ಹೊಸ ಹೊಲ ಗುತ್ತಿಗೆ ಹಿಡೀತಾರೆ.
ಶೆಡ್ಡೂ ಜೊತೇಲೇ ಹೋಯ್ತದೆ."

ಉಪಗ್ರಹದ ಚಿತ್ರದಲ್ಲಿ ಶೆಡ್ಡಿಲ್ಲ.
ಚಿತ್ರ ತೆಗೆದ ತಿಂಗಳು ಅಲ್ಲಿ ರಾಗಿ ಇತ್ತು.
ಹೋಗಿ ನೋಡಿದರೆ ತಗಡು, ಟಾರ್ಪಾಲು,
ನೆಲಕ್ಕೆ ಹುಲ್ಲು, ಹುಲ್ಲಿನ ಮೇಲೆ ಒಂಬತ್ತು ಜನ.
ಕೊಪ್ಪಳದ ಕಡೆಯ ಹುಲಿಗೆಮ್ಮ ಹಾವನ್ನು ಕಂಡೇ ಇಲ್ಲ.
ಹೊಟ್ಟೆನೋವೆಂದು ಎದ್ದಳಂತೆ, ಮಾತು ತೊದಲಿತಂತೆ,
ಕಟ್ಟುಹಾವೆಂದು ಹೇಳಿದ್ದು ಡಾಕ್ಟರು.
ಲ್ಯಾಪ್‌ಟಾಪ್ ತೆರೆದು ಅವಳ ಚುಕ್ಕಿ ತೋರಿಸಿದೆ.
ಬಗ್ಗಿ ನೋಡಿ, ಸೆರಗಿನಿಂದ ಪರದೆಯ ಧೂಳು ಒರೆಸಿ,
"ಇದು ನಾನs? ಆಚೀ ಶೆಡ್ಡಿನ ಅಂವಂದು ಎಲ್ಲೈತ್ರಿ?"
"ಯಾರದು?"
"ಅವಗ ಗಾಡಿ ಸಿಗಲಿಲ್ರಿ."

ವರದಿಯ ಮೂಲೆಯಲ್ಲಿ ಒಂದು ಖಾಲಿ ಸುತ್ತು ಬರೆದು
ಎದುರಿಗೆ 'ತಲುಪದವರು' ಎಂದು ಹಾಕಿದೆ.
ಮುದ್ರಣದಲ್ಲಿ ಕಾಣುವುದಿಲ್ಲ, ತೆಗೆಯಿರಿ ಎಂದರು ಸಾಹೇಬರು.
ಬರುವ ವರ್ಷ ಶುಂಠಿ ಎಲ್ಲಿ ಎಂದು ಗುತ್ತಿಗೆದಾರರನ್ನು ಕೇಳಿದೆ.
ನೆಲದ ಬಾಡಿಗೆ ಏರುತ್ತೆ, ಹೇಳಲ್ಲ ಎಂದರು.

ಯುಗಾದಿ ಕಳೆದ ವಾರ, ರಾತ್ರಿ ಒಂಬತ್ತೂವರೆ.
ಹೊಸಪೇಟೆ ಬಸ್ಸಿನಿಂದ ಇಳಿದರು ಹದಿನಾಲ್ಕು ಜನ,
ರೊಟ್ಟಿ ಗಂಟು, ಕೌದಿ, ಒಂದು ಕೋಳಿ.
ಎಲ್ಲಿಗೆ ಎಂದೆ.
"ಗೊತ್ತಿಲ್ರಿ, ಮೇಸ್ತ್ರಿ ಬಂದು ಹೇಳತಾನ."
ಸೌತೆಕಾಯಿಯವಳು ಬುಟ್ಟಿ ಸರಿಸಿ ಜಾಗ ಬಿಟ್ಟಳು.
ಯಂತ್ರ ಮೊದಲ ಸಲ ಕೆಂಪು ಸುರಿದಿದ್ದ
ಆ ಸಿಮೆಂಟಿನ ಮೇಲೆ
ಒಬ್ಬಾಕೆ ಕೌದಿ ಕೊಡವಿ
ಮಗುವನ್ನು ಮಲಗಿಸಿದಳು.