ಏಡಿ ಅಂಚು

ಬನಹಟ್ಟಿಯ ಮಂಗಳವಾರ ಪೇಟೆ, ಬೀಡಿ ಅಂಗಡಿಯ ಹಿಂದೆ
ತಗಡಿನ ಖೋಲಿ.
ದಸ್ತಗೀರ ಕಾಕಾ ಅಲ್ಲಿ ತಂದು ನಿಲ್ಲಿಸಿದ ಪೆಟ್ಟಿಗೆಗೆ
ನಾವಿಟ್ಟ ಹೆಸರು ಜಪಾನಿ.
ಮುಂಬೈ ಬಂದರಿನ ಗುಜರಿಯಿಂದ ಮೀರಜಿಗೆ,
ಮೀರಜಿನಿಂದ ನೂಲಿನ ಬೇಲುಗಳ ನಡುವೆ ಲಾರಿಯಲ್ಲಿ
ಅಡ್ಡ ಮಲಗಿ ಬಂದಿತ್ತು,
ಮೈತುಂಬ ಹತ್ತಿಯ ತುಪ್ಪುಳ.

ಆಟ ಇಷ್ಟೇ: ಕೆಳಗೊಂದು ದೋಣಿ,
ಮೇಲಿನಿಂದ ಸಾಲುಸಾಲು ಏಡಿ.
ಒಂದು ರೂಪಾಯಿಗೆ ಮೂರು ಜೀವ.
ರೂಪಾಯಿಗೆ ನೂಲು ಕಟ್ಟಿ, ಇಳಿಸಿ, ಮತ್ತೆ ಎಳೆದುಕೊಳ್ಳುವುದನ್ನು
ನೇಕಾರರ ಮಕ್ಕಳಿಗೆ ಯಾರೂ ಕಲಿಸಬೇಕಿರಲಿಲ್ಲ.
ಸಿಕ್ಕಿಬಿದ್ದ ದಿನ ಕಾಕಾ ಕೇಳಿದ್ದು ಒಂದೇ:
"ಎಷ್ಟನೇ ನಂಬರಿನ ನೂಲಲೇ ಇದು? ಹರದಽ ಇಲ್ಲಲ್ಲ!"

ಪೆಟ್ಟಿಗೆಯ ಬೆನ್ನಿಗೆ ಅಂಟಿದ ಪ್ಲಾಸ್ಟಿಕ್ ಚೀಲದಲ್ಲಿ
ಒಂದು ತೆಳು ಪುಸ್ತಕ. ಅಕ್ಷರ ಯಾರಿಗೂ ಬಾರದು.
ಹೀಗಾಗಿ ಆ ಕಂಪನಿಯ ಚರಿತ್ರೆಯನ್ನು ನಾವು
ಚಿತ್ರ ನೋಡಿ ಓದಿದೆವು.
ಮೊದಲ ಪುಟ: ಮಾಳಿಗೆಯ ಮೇಲೆ ಕಟ್ಟಿಗೆಯ ಕುದುರೆ,
ಕುದುರೆ ಮೇಲೆ ಅಳುವ ಹುಡುಗ, ಪಕ್ಕದಲ್ಲಿ ಟೋಪಿಯ ಮಾಲಕ.
"ಬಡಿಗ್ಯಾರ ಮಗ ಇಂವ" ಅಂದ ಕಾಕಾ, ಕಂಡುಬಂದವನ ಹಾಗೆ.
ಎರಡನೆಯದರಲ್ಲಿ ಶೇಂಗಾ ಉದುರಿಸುವ ಯಂತ್ರ.
ಶೇಂಗಾ ಅಲ್ಲ, ಕಬ್ಬಿಣದ ಗುಂಡು, ಎಂದು ಅಪ್ಪನ ತಕರಾರು.
ಆಮೇಲೆ ದೀಪ ಮಿನುಗುವ ಮೋಟಾರು,
ಆಮೇಲೆ ಗಾಜಿನ ಪರದೆ,
ಮಾಲಕನ ಟೋಪಿ ಮಗನ ತಲೆಗೆ,
ಇನ್ನೂರು ಜನ ಒಂದೇ ಬಣ್ಣದ ಅಂಗಿ ತೊಟ್ಟು
ಕಾರಖಾನೆ ಮುಂದೆ ನಿಂತ ಫೋಟೋ.
ಕೊನೆಯ ಸಾಲಿನಲ್ಲಿ ಒಬ್ಬಳು ಕಣ್ಣು ಮುಚ್ಚಿದ್ದಳು.
ಏಡಿ ಮಾಡಿದವಳು ಆಕೆಯೇ ಅನ್ನಿಸಿತ್ತು ನನಗೆ.
ಯಾಕೋ.

ಹದಿಮೂರು ವರ್ಷ ಆಗ. ಕಂಡಿಕೆ ಸುತ್ತಿ ಸುತ್ತಿ
ಕೈ ಚುರುಕಾಗಿತ್ತು.
ಗೆದ್ದವರ ಪಟ್ಟಿಯಲ್ಲಿ ಮೂರೇ ಅಕ್ಷರಕ್ಕೆ ಜಾಗ:
ಸಾವಂತ್ರಿಯನ್ನು ಎಸ್, ಎ, ವಿ ಎಂದು ಮುರಿದು
ಎಲ್ಲ ಗಂಡುಹುಡುಗರ ಮೇಲೆ ಇಟ್ಟೆ.
ಏಳು ಗಂಟೆಗೆ ಕರೆಂಟು ಹೋತು.
ಊರಿನ ಮಗ್ಗಗಳೆಲ್ಲ ಒಮ್ಮೆಲೇ ಬಾಯಿ ಮುಚ್ಚಿದರೆ
ಕಿವಿಯಲ್ಲಿ ಏನು ಬೀಳುತ್ತದೆಂದು ನಮ್ಮೂರವರಿಗೇ ಗೊತ್ತು.
ಕರೆಂಟು ಬಂತು. ಮಗ್ಗ ಬಿಟ್ಟಲ್ಲಿಂದಲೇ ನೇಯ್ದವು.
ಪಟ್ಟಿಯಲ್ಲಿ ನಾನಿರಲಿಲ್ಲ.

ಮೂರನೆಯ ಬೇಸಿಗೆಗೆ ಬೋರ್ಡು ಸುಟ್ಟಿತು.
ಕಾಕಾ ಜಮಖಂಡಿ ತಿರುಗಿದ, ಬೆಳಗಾವಿ ತಿರುಗಿದ.
"ಕಂಪನಿಗೇ ಬರಿ" ಅಂದವನು ಅಪ್ಪ.
ಅಪ್ಪನ ಕಸಬು ಸೀರೆ ಅಂಚಿನ ನಕ್ಷೆ,
ಚೌಕ ತುಂಬುವುದು, ರಟ್ಟಿಗೆ ತೂತು ಹೊಡೆಯುವುದು.
ಪುಸ್ತಕದ ಹಿಂಬದಿಯ ವಿಳಾಸವನ್ನು
ಹೂವಿನ ಹಾಗೆ, ನವಿಲಿನ ಕಾಲಿನ ಹಾಗೆ
ಚೌಕ ಎಣಿಸಿ ಎಣಿಸಿ ಇಳಿಸಿದ.
ಏನು ಬರೆದೆನೆಂದು ಗೊತ್ತಿಲ್ಲದೆಯೂ ಒಂದು ಗೆರೆ ತಪ್ಪಲಿಲ್ಲ.
ಪೋಸ್ಟಿನ ಹಂಜಿಯವರು ತೂಕ ಹಾಕಿ,
"ಇದು ಹೋಗ್ತೈತಿ?" ಅಂದರು.

ಹೋಗಿತ್ತು.
ಐದು ತಿಂಗಳಿಗೆ ತಿರುಗಿ ಬಂತು, ಒಡೆಯದೆ,
ಮೈಮೇಲೆ ಕೆಂಪು ಮುದ್ರೆ.
ಅಲ್ಲಿಯ ಅಂಚೆಯವನಿಗೆ ಅಪ್ಪನ ಅಕ್ಷರ ಓದಲು ಬಂದಿತ್ತು,
ತಟ್ಟಲು ಬಾಗಿಲಿರಲಿಲ್ಲ.
ಪುಸ್ತಕದಲ್ಲಿಲ್ಲದ ಆ ಕೊನೆಯ ಪುಟವನ್ನು
ಕಾಕಾ ಖೋಲಿಯ ಗೋಡೆಗೆ ಮೊಳೆ ಹೊಡೆದ.
"ಇನ್ನೂರ ಮಂದಿ," ಅಂದ. "ಎಲ್ಲಿ ಹೋದ್ರೋ."
ಆ ವರ್ಷ ನಮ್ಮ ಓಣಿಯಲ್ಲೂ ಹನ್ನೊಂದು ಮಗ್ಗ
ತೂಕಕ್ಕೆ ಹೋಗಿದ್ದವು.

ಅಪ್ಪ ಏಡಿಯನ್ನು ಬಿಡಲಿಲ್ಲ.
ಹನ್ನೆರಡು ಚೌಕ ಅಗಲ, ಎಂಟು ಎತ್ತರ.
"ಕಾಲು ಹ್ಯಾಂಗವ್ವಾ ಇದ್ದೂ?"
ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಅಂದೆ. ಒಂದು ಏಡಿಗೆ ಎರಡು ಚಿತ್ರ.
ಎರಡನ್ನೂ ರಟ್ಟಿಗೆ ಹೊಡೆದ, ಒಂದರ ಬಳಿಕ ಒಂದು.
ಸೊಲ್ಲಾಪುರದ ವ್ಯಾಪಾರಿ ಚೇಳು ಎಂದು ಬರೆದುಕೊಂಡ.
ಹೆಂಗಸರು ಕೃಷ್ಣಾ ಹೊಳೆಯ ಏಡಿ ಅಂದುಕೊಂಡರು.
ನಾವು ಯಾರನ್ನೂ ತಿದ್ದಲಿಲ್ಲ.

ನಿನ್ನೆ ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ
ಪೇರಲಹಣ್ಣಿನ ಬುಟ್ಟಿ ಹೊತ್ತ ಮುದುಕಿಯ ಕಾಲ ಬಳಿ
ಬಣ್ಣ ಹೋದ ಅಂಚು.
ಬಸ್ಸು ಬಂತೆಂದು ಆಕೆ ಬೀಸುಹೆಜ್ಜೆ ಹಾಕಿದಳು.
ಕಾಲು ಮೇಲೆ, ಕಾಲು ಕೆಳಗೆ,
ನಡೆದವು ಏಡಿ.
ಚೀಲದ ಹಿಡಿಕೆಯ ಮೇಲೆ ನನ್ನ ಬಲಗೈ ಬೆರಳು
ತಾನಾಗಿಯೇ ಗುಂಡಿ ಒತ್ತುತ್ತಿತ್ತು.