ಅಳತೆ ಪುಸ್ತಕ

ರಸ್ತೆ ಇನ್ನೂ ಮೂರೂಮುಕ್ಕಾಲು ಅಡಿ ಅಗಲವಾಗಬೇಕಂತೆ.
ಟೇಪಿನ ಒಂದು ತುದಿ ನನ್ನ ಕೈಲಿ, ಇನ್ನೊಂದು ಹಾಲೇಶನ ಕೈಲಿ.
ಮುಗಿದಲ್ಲಿ ಒಂದು ಕೆಂಪು ಗೆರೆ.
ಸಂಬಳ ಅದಕ್ಕೇ.
ಹರಿಹರದಿಂದ ಬೆಳಗಿನ ಬಸ್ಸಿಗೆ ಬರುವವಳು ನಾನು,
ಇಲ್ಲಿ ನೆನೆಯಲು ನನಗೇನೂ ಇಲ್ಲ.

ಚೌಕಿಪೇಟೆಯ ಹಿಂದಿನ ಓಣಿ, ಎಂಟು ಗಂಟೆ.
ಮಂಡಕ್ಕಿ ಭಟ್ಟಿಗಳ ಕಡೆಯ ಹೊಗೆ
ಯಾರನ್ನೂ ಕೇಳದೆ ಎಲ್ಲರ ಅಂಗಡಿಯೊಳಗೂ ಹೋಗಿಬರುತ್ತಿತ್ತು.
ಮೊಬೈಲ್ ಕವರಿನ ಹುಡುಗ ತನ್ನ ಫ್ಲೆಕ್ಸು ತಾನೇ ಬಿಚ್ಚಿ
ಚಾಪೆಯಂತೆ ಸುತ್ತಿ ಆಟೋಕ್ಕೆ ತುರುಕಿದ.

ಫ್ಲೆಕ್ಸಿನ ಹಿಂದೆ ತಗಡು:
‘ಸ್ಟೌ ರಿಪೇರಿ. ಪಿನ್ನು ಸಿಗುತ್ತದೆ.’
ತಗಡಿನ ಹಿಂದೆ ಹಲಗೆ:
‘ಅರ್ಜುನಸಾ ಮತ್ತು ಮಕ್ಕಳು.
ಮಿಲ್ಲಿನ ಕಟ್‌ಪೀಸು, ತೂಕದ ಲೆಕ್ಕ.’
ಹಲಗೆ ಕಿತ್ತಾಗ ಒಂದು ಹಲ್ಲಿ, ತುಕ್ಕು ಮೊಳೆ,
ಗೋಡೆಯ ನೀಲಿ,
ನೀಲಿಯೊಳಗೆ ಎರಡೇ ಅಕ್ಷರ: ‘ಬಳಿ’.

ಯಾರ ಬಳಿ? ಎಂದ ಹಾಲೇಶ.

ಎದುರಿನ ಕಟ್ಟೆಯಿಂದ ಕೊಟ್ರವ್ವ:
‘ಕಂಬಳಿ ಕಣಪ್ಪಾ. ಕಂ ಉದುರೈತಿ.
ಆಗ ಈ ಓಣಿ ತುಂಬಾ ಕುರಿ ವಾಸ್ನಿ.
ನೆಗಡಿ ಬಂದೋರೂ ಕಣ್ಣು ಮುಚ್ಚಿ ಅಂಗಡಿ ಹುಡುಕತಿದ್ರು.’

ಆಮೇಲೆ ಓಣಿಯೇ ಬಂದು ನಿಂತಿತು,
ತಲೆಗೊಂದು ಅಂಗಡಿ ಹೊತ್ತು.
ಇಲ್ಲಿ ಗೋಲಿಸೋಡ. ಅಲ್ಲ, ಸೋಡ ಆ ಮೂಲೆ, ಇಲ್ಲಿ ಕಲಾಯಿ.
ಬುಡೇನ್ ಸಾಬರ ಕೊಡೆ ರಿಪೇರಿ,
ಮಳೆ ಕೈಕೊಟ್ಟ ವರ್ಷ ಅವರೇ ಬೀಸಣಿಗೆ ಕಟ್ಟುತ್ತಿದ್ದರು.
ಮೂರನೇ ಪಾಳಿಯವರಿಗೆಂದೇ
ರಾತ್ರಿ ಎರಡಕ್ಕೆ ಒಲೆ ಹೊತ್ತಿಸುತ್ತಿದ್ದ ಚಹಾದಂಗಡಿ.
ಮಿಲ್ಲಿನ ಕೂಗು ನಿಂತ ವರ್ಷ ಎಲ್ಲ ಅಂಗಡಿಯೂ ಕುಂದಿ
ಗಡಿಯಾರದ ರಿಖಬಚಂದನದೊಂದೇ ಜೋರಾಯಿತಂತೆ,
ಹೊತ್ತೆಷ್ಟೆಂದು ಯಾರಿಗೂ ತಿಳಿಯದೆ.
‘ಏ, ಕೊಳ್ಳಾಕ ರೊಕ್ಕ ಎಲ್ಲಿತ್ತು?
ಮದ್ವಿ ವಾಚು ಒತ್ತಿ ಇಡಾಕ ಹೋಗ್ತಿದ್ವಿ,’
ಎಂದರು ಹಿಂದಿನಿಂದ ಯಾರೋ.

ನಾನು ಬರೆದುಕೊಳ್ಳಲಿಲ್ಲ.
ಅಳತೆ ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ.
ಹೆಸರು, ಅಡಿ, ಅಂಗುಲ, ಸಹಿ.

ಕೊನೆಯ ಮಳಿಗೆ. ತಗಡು ಕಿತ್ತೆವು.
ಬಿಸಿಲನ್ನೇ ಕಾಣದ ಅಕ್ಷರ, ನಿನ್ನೆ ಬರೆದಂಥ ಹಸಿರು:
‘ವನಮಾಲಾ ಲೇಡೀಸ್ ಟೈಲರ್ಸ್’.
‘ಲಾ’ದ ದೀರ್ಘವನ್ನು ಬರೆದವನು ದಾರದಂತೆ ಎಳೆದು
ಸೂಜಿಯ ಕಣ್ಣಿಗೆ ಪೋಣಿಸಿದ್ದ.
ಗುಂಪು ತಡಕಾಡಿತು.
ಇದು ಯಾವಾಗ ಇತ್ತು? ಇರಲೇ ಇಲ್ಲ.
ಎಲ್ಲರಿಗಿಂತ ಹೆಚ್ಚು ನೆನಪಿದ್ದ ಕೊಟ್ರವ್ವ
ತಲೆ ಎತ್ತದೆ ಅಡಿಕೆ ಕತ್ತರಿಸುತ್ತಿದ್ದಳು.

‘ಬರ್ದೋನಿಗೆ ಹನ್ನೆರಡು ರೂಪಾಯಿ ಬಾಕಿ,’ ಎಂದಳು ತಡವಾಗಿ.
‘ಬೋರ್ಡು ಬರಸಿದ್ವಿ. ಮಷಿನ್ನಿಗೆ ಅರಿಶಿನ ಕುಂಕುಮ ಹಚ್ಚಿದ್ವಿ.
ಅದ ವಾರ ಮಿಲ್ಲಿನ ಗೇಟಿಗೆ ಬೀಗ ಬಿತ್ತು.
ಕಂತಿನೋನು ಕುಂಕುಮದ ಸಮೇತ ಮಷಿನ್ ಒಯ್ದ.’

ವನಮಾಲಾ ಯಾರು? ಹಾಲೇಶ ಕೇಳಿಯೇಬಿಟ್ಟ.

‘ಕೊಟ್ರವ್ವ ಅಂತ ಬರೆಸಿದ್ರ
ಬ್ಲೌಸ್ ಹೊಲಿಸಾಕ ಯಾರ್ ಬರ್ತಿದ್ರಲೇ?’

ಟೇಪು ಎಳೆದೆವು.
ಗೆರೆ ಒಳಗೆ, ಮಷಿನ್ ಇರಬೇಕಿದ್ದ ಜಾಗಕ್ಕೇ ಬಿತ್ತು.
ಮತ್ತೊಮ್ಮೆ ಅಳೆದೆ. ಅಷ್ಟೇ ಬಂತು.
ಕುಂಚ ಅದ್ದಿದೆ.

ಹೊರಬಂದಾಗ ಕೊಟ್ರವ್ವ ನನ್ನ ತೋಳು ಹಿಡಿದು
ರವಿಕೆಯ ಹೊಲಿಗೆಯನ್ನು ಹೆಬ್ಬೆರಳಲ್ಲಿ ಸವರಿದಳು:
‘ಕಂಕುಳಾಗ ಹಿಡೀತೈತಿ, ಅಲ್ಲೇನು?
ಅರ್ಧ ಇಂಚು ಬಿಡಬೇಕಿತ್ತು.’