ಮಡಿ

ಮುಹರ್ರಕ್‌ನ ಗಲ್ಲಿಯಲ್ಲಿ ಹತ್ತೊಂಬತ್ತು ವರ್ಷ
ಬಿಳಿ ತೋಬುಗಳಿಗೆ ಇಸ್ತ್ರಿ ಹಾಕಿದ್ದೇನೆ.
ಕಾಲರಿನ ಸವೆತದಿಂದಲೇ ಗಿರಾಕಿ ಯಾರೆಂದು ಗೊತ್ತು ನನಗೆ,
ಅವರಿಗೆ ನಾನು ಗೊತ್ತು ಚೀಟಿಯ ನಂಬರಿನಿಂದ.

ಬದ್ರಿಯಾ ಅಮ್ಮ, ಎಪ್ಪತ್ತು ದಾಟಿದವಳು,
ಬೆರಳಿಗೆಲ್ಲ ಬಣ್ಣ, ಅಬಾಯದ ಅಂಚಿಗೂ,
ಅಣ್ಣನ ತೋಬು ಒಯ್ಯಲು ಬಂದು ನನ್ನನ್ನೇ ನೋಡಿದಳು:
"ಶುಕ್ರವಾರ ಕೂರುತ್ತೀಯಾ? ಗಂಟೆಗೆ ಎರಡು ದಿನಾರ್."
ಕೂರುವುದಕ್ಕೂ ದುಡ್ಡೇ! ನಗು ಬಂತು.

ಕೂತ ಮೇಲೆ ನಗು ಹೋಯಿತು.
ಮೂಗಿನ ತುದಿಗೆ ನೊಣ, ತೊಡೆಯೊಳಗೆ ಇರುವೆ ಹರಿದ ಹಾಗೆ.
ಒಂದು ಕಣ್ಣು ಮುಚ್ಚಿ, ಕುಂಚವನ್ನು ತೋಳುದ್ದ ಚಾಚಿ
ಹುಬ್ಬಿನಿಂದ ಗಲ್ಲಕ್ಕೆ ಅಳೆಯುತ್ತಾಳೆ, ಅಳಿಸುತ್ತಾಳೆ,
ಮತ್ತೆ ಅಳೆಯುತ್ತಾಳೆ. ಮೂರು ಶುಕ್ರವಾರ ಬರೀ ಇದ್ದಿಲು.
ಏರ್‌ಪೋರ್ಟಿನ ಕ್ಯಾಮೆರಾ ನನ್ನ ನೋಡಿದ್ದು ಒಂದು ಸೆಕೆಂಡು.
ಹೆಂಡತಿ ನೋಡುವುದು ಎರಡು ವರ್ಷಕ್ಕೊಮ್ಮೆ,
ಅದೂ ಪೆಟ್ಟಿಗೆ ಬಿಚ್ಚಿ ಮುಗಿದ ಮೇಲೆ.

ಅಪ್ಪ ನೆನಪಾದರು:
ಕೋಲದ ರಾತ್ರಿ ದೈವದ ಮುಂದೆ ದೀಟಿಗೆ ಹಿಡಿದು
ಬಿಸಿ ಎಣ್ಣೆ ಮೊಣಕೈಗೆ ಇಳಿದರೂ ಅಲುಗದೆ ನಿಂತವರು.
ನಾವು ಒಗೆದ ಬಟ್ಟೆ ಮಡಿ.
ನಾವು ಅಂಗಳದಾಚೆ.

ಅಸರ್ ಬಾಂಗಿಗೆ ಕುಂಚ ಇಟ್ಟು ಒಳಕೋಣೆಗೆ ಹೋದಳು.
"ಎದ್ದು ಕಾಲು ಸಡಿಲಿಸು" ಅಂದಿದ್ದಳು. ಏಳಲಿಲ್ಲ ನಾನು.
ಯಾಕೆಂದು ಕೇಳಬೇಡಿ. ಗೋಡೆಯಾಚೆ ಅವಳು ಬಾಗುವ ಸದ್ದು,
ಈಚೆ ನಾನು, ಗಲ್ಲ ಸ್ವಲ್ಪ ಎಡಕ್ಕೆ,
ಹೇಳಿದ ಹಾಗೇ.

ಐದನೇ ವಾರ ತಪ್ಪು ಮಾಡಿದಳು.
ನನ್ನ ತೊಡೆಯ ಮೇಲಿದ್ದ ತೋಬಿನ ಮಡಿಕೆಗೆ ಕಪ್ಪು ಹಚ್ಚಿದಳು.
"ಅಯ್ಯೋ ಅಮ್ಮಾ," ಬಾಯಿ ಜಾರಿತು, "ಬಿಳಿಯ ನೆರಳು ಕಪ್ಪಲ್ಲ.
ಕಿಟಕಿಯ ಕಡೆ ನೀಲಿ. ನನ್ನ ಕೈಯ ಹತ್ತಿರ, ನೋಡಿ,
ಹಳದಿಗೆ ತಿರುಗಿದೆ, ಹಾಲು ಕೆನೆಗಟ್ಟುವ ಹಾಗೆ.
ಆವಿ ಆಡುವಾಗ ಇನ್ನೂ ಬೇರೆ."
ಹರುಕು ಹಿಂದಿ, ಮುರುಕು ಅರಬಿ.
ಬಹಳ ಹೊತ್ತು ಸುಮ್ಮನಿದ್ದಳು. ಕಪ್ಪನ್ನು ಕೆರೆದಳು.
ಕುರ್ಚಿ ಎಳೆದು ನನ್ನ ಪಕ್ಕದಲ್ಲೇ ಕೂತಳು.
ಇಬ್ಬರೂ ಒಂದೇ ಮಡಿಕೆಯನ್ನು ನೋಡಿದೆವು
ಬೆಳಕು ಹೋಗುವ ತನಕ.

ಕಣ್ಣಿನ ಹೊಳಪು ಎಲ್ಲಕ್ಕಿಂತ ಕೊನೆಗೆ.
"ಬಾ, ನೋಡು." ಬಗ್ಗಿದೆ. ಚುಕ್ಕೆಯೊಳಗೆ ಕಿಟಕಿ,
ನಾಲ್ಕು ಗಾಜು, ಅದರ ಮುಂದೆ ಸಾಸಿವೆಯಷ್ಟು ಕಪ್ಪು.
"ಯಾರಿದು?"
"ಆರು ವಾರ ನಿನ್ನ ಎದುರು ಯಾರಿದ್ದರು?"

ಕೆಳಗೆ ಹೆಸರು ಬರೆಯಬೇಕೆಂದಳು. ಮೋನಪ್ಪ ಅಂದೆ.
ಮೂರು ಸಲ ಹೇಳಿಸಿದಳು. ಅರಬಿಯಲ್ಲಿ 'ಪ' ಇಲ್ಲವಂತೆ.
ಬರೆದು ಓದಿದಳು: ಮೋನಬ್ಬ.
ಇರಲಿ ಬಿಡಿ ಅಂದೆ.
ಊರಲ್ಲಿ ನಮ್ಮ ಪಕ್ಕದ ಮನೆಯ ಬ್ಯಾರಿಗೂ
ಅದೇ ಹೆಸರು.